ಕಿಟಕಿಯ ಪಕ್ಕ ಕೂತವರು, ಹಳಿಯ ಪಕ್ಕ ನಿಂತವರು

ರೈಲು ಪ್ರಯಾಣದ ಟಿವಿ ಕಾರ್ಯಕ್ರಮಗಳ ಬಗ್ಗೆ ನಮ್ಮ ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಗೆಳತಿಯೊಬ್ಬಳು ಕೂಡಲೇ ಕೇಳಿದಳು: "ಆಲಂಕಾರಿನಲ್ಲಿ ರೈಲೇ ಇಲ್ಲವಲ್ಲ, ನೀನು ಎಂತ ಬರೆಯುವುದು?" ಅವಳ ಮಾತು ನಿಜ. ನಮ್ಮ ಪೇಟೆಯಲ್ಲಿ ನಿಲ್ಲುವುದು ಬಸ್ಸು ಮಾತ್ರ. ಒಂದೋ ಉಪ್ಪಿನಂಗಡಿ ಕಡೆಗೆ, ಇಲ್ಲವಾದರೆ ಕಡಬದ ಕಡೆಗೆ. ಆದರೆ ಕಾಣಿಯೂರು, ಎಡಮಂಗಲ, ಕೋಡಿಂಬಾಳ, ನೆಟ್ಟಣ ಇವೆಲ್ಲ ನಮ್ಮ ಸುತ್ತಲಿನ ಊರುಗಳೇ. ನಮ್ಮ ತರಗತಿಯಲ್ಲಿ ಈ ಊರುಗಳಿಂದ ಬರುವವರೂ ಇದ್ದಾರೆ. ದೇಶದ ಚಂದದ ರೈಲು ಹಾದಿಗಳ ಪಟ್ಟಿಯನ್ನು ಯಾರೇ ಮಾಡಲಿ, ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಾದಿ ಇದ್ದೇ ಇರುತ್ತದೆ. ಆ ಹಾದಿ ಗುಡ್ಡ ಇಳಿದು ಕೊನೆಗೆ ನೆಲ ಮುಟ್ಟುವುದು ನಮ್ಮ ಕಡಬ ತಾಲೂಕಿನ ನೆಟ್ಟಣದಲ್ಲಿ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನಮಗೆ ಸ್ವಲ್ಪ ಹೆಚ್ಚೇ ಇದೆ ಎಂದು ನನ್ನ ಲೆಕ್ಕ.

ಮೊದಲೇ ಹೇಳಿಬಿಡುತ್ತೇನೆ, ಈ ಕಾರ್ಯಕ್ರಮಗಳನ್ನು ನಾನು ಇಷ್ಟಪಟ್ಟು ನೋಡುತ್ತೇನೆ. ರಜೆಯಲ್ಲಿ ಉಮ್ಮ ಬೈಯುವಷ್ಟು ನೋಡಿದ್ದೇನೆ. ಒಬ್ಬ ಹೆಸರಾಂತ ವ್ಯಕ್ತಿ ರೈಲು ಹತ್ತುತ್ತಾರೆ, ಕಿಟಕಿಯ ಪಕ್ಕ ಕೂರುತ್ತಾರೆ, ಸೇತುವೆ ಬರುವಾಗ ಡ್ರೋನ್ ಮೇಲೇಳುತ್ತದೆ, ಸುರಂಗ ಬರುವಾಗ ಸಂಗೀತ ನಿಲ್ಲುತ್ತದೆ. ಒಂದು ಕಪ್ ಚಹಾ ಕುಡಿದು "ಆಹಾ" ಎನ್ನುತ್ತಾರೆ. ಈ "ಆಹಾ" ಇಲ್ಲದ ಕಾರ್ಯಕ್ರಮವನ್ನು ನಾನಿನ್ನೂ ನೋಡಿಲ್ಲ. ನಮ್ಮ ನಿಲ್ದಾಣಗಳ ಚಹಾ ಕುಡಿದವರಿಗೆ ಅದು ಎಷ್ಟು ದೊಡ್ಡ ನಟನೆ ಎಂದು ಬೇರೆ ಹೇಳಬೇಕಾಗಿಲ್ಲ.

ಇದು ಈಗ ಹುಟ್ಟಿದ ಕಲೆಯೇನೂ ಅಲ್ಲ. 1980ರಲ್ಲಿಯೇ ಬಿಬಿಸಿ 'ಗ್ರೇಟ್ ರೈಲ್ವೇ ಜರ್ನೀಸ್' ಎಂಬ ಸರಣಿ ಮಾಡಿತ್ತು. ಹಾಸ್ಯನಟ ಮೈಕೆಲ್ ಪೇಲಿನ್ ಆ ಸರಣಿಯಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ತುದಿಯ ಕಡೆಗೆ ರೈಲಿನಲ್ಲಿ ಹೋದರು. ಅಲ್ಲಿಂದ ಮುಂದೆ ಅವರ ಬದುಕೇ ಪ್ರವಾಸ ಕಾರ್ಯಕ್ರಮಗಳ ಕಡೆ ತಿರುಗಿತು. ನಮ್ಮ ದೇಶದಲ್ಲಿ 1986ರಲ್ಲಿ ಶ್ಯಾಮ್ ಬೆನಗಲ್ 'ಯಾತ್ರಾ' ಎಂಬ ಧಾರಾವಾಹಿಯನ್ನು ದೂರದರ್ಶನಕ್ಕೆ ಮಾಡಿದರು. ಅದಕ್ಕೆ ಹಣ ಕೊಟ್ಟದ್ದು ಭಾರತೀಯ ರೈಲ್ವೆ, ಓಡಿದ್ದು ಕನ್ಯಾಕುಮಾರಿಯಿಂದ ಜಮ್ಮುವಿಗೆ ಹೋಗುವ ಹಿಮಸಾಗರ್ ಎಕ್ಸ್‌ಪ್ರೆಸ್. ಓಂ ಪುರಿಯಂತಹ ನಟ ಇದ್ದರೂ ಅಲ್ಲಿ ಕಥೆ ಇದ್ದದ್ದು ಬೋಗಿಯೊಳಗಿನ ಪ್ರಯಾಣಿಕರದ್ದು. ಕನ್ನಡದವರಿಗೆ ರೈಲು ನಿಲ್ದಾಣ ಎಂದ ಕೂಡಲೇ ನೆನಪಾಗುವುದು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'. ಅದರ ರೈಲು ದೃಶ್ಯಗಳು ಚಿತ್ರೀಕರಣವಾದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಅಂದರೆ ಟಿವಿಯಲ್ಲಿ ಬಂದ ಒಂದು ಸಣ್ಣ ನಿಲ್ದಾಣ ಮೂವತ್ತು ವರ್ಷ ಕಳೆದ ಮೇಲೂ ಅದರ ಋಣದಲ್ಲಿ ಉಳಿಯಿತು. ಟಿವಿಗೆ ಅಂತಹ ಶಕ್ತಿ ಇದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಶಕ್ತಿ ಇಲ್ಲದ ವಸ್ತುವಿನ ಮೇಲೆ ತಕರಾರು ಮಾಡುವ ಅಗತ್ಯವೇ ಇರುವುದಿಲ್ಲ.

ಈ ಬಗೆಯ ಕಾರ್ಯಕ್ರಮಗಳಿಗೆ ಈಗ ರಾಜ ಯಾರು ಎಂದರೆ ಮೈಕೆಲ್ ಪೋರ್ಟಿಲೊ. ಕಣ್ಣು ಕುಕ್ಕುವ ಬಣ್ಣದ ಕೋಟು ಹಾಕಿಕೊಂಡು, ಕೈಯಲ್ಲಿ ಒಂದು ಹಳೆಯ ಪುಸ್ತಕ ಹಿಡಿದು ರೈಲು ಹತ್ತುವವರು. ಅವರು ನಟನಲ್ಲ, ಬ್ರಿಟನ್ನಿನ ಮಾಜಿ ಮಂತ್ರಿ. 1997ರ ಚುನಾವಣೆಯಲ್ಲಿ ಸೋತರು. 2010ರಲ್ಲಿ ಅವರ ಬ್ರಿಟಿಷ್ ರೈಲು ಪ್ರಯಾಣದ ಸರಣಿ ಶುರುವಾಯಿತು. 2018ರಲ್ಲಿ ಅವರು ಭಾರತಕ್ಕೂ ಬಂದರು. ಅಮೃತಸರದಿಂದ ಶಿಮ್ಲಾ, ಜೋಧಪುರದಿಂದ ದೆಹಲಿ, ಮೈಸೂರಿನಿಂದ ಚೆನ್ನೈ, ಲಖನೌದಿಂದ ಕೋಲ್ಕತ್ತಾ, ಹೀಗೆ ನಾಲ್ಕು ಕಂತು. ಕೈಯಲ್ಲಿದ್ದದ್ದು 1913ರ ಬ್ರಾಡ್‌ಷಾ ಕೈಪಿಡಿ, ಅಂದರೆ ಬ್ರಿಟಿಷರ ಕಾಲದ ಪ್ರಯಾಣಿಕರಿಗಾಗಿ ಬರೆದ ಪುಸ್ತಕ.

ಕರ್ನಾಟಕಕ್ಕೆ ಬಂದವರು ಮೈಸೂರಿನಲ್ಲಿ ರೈಲು ಹತ್ತಿ ಪೂರ್ವಕ್ಕೆ ಹೋದರು, ಪಶ್ಚಿಮಕ್ಕೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಯಾಕೆಂದರೆ 1913ರ ಪುಸ್ತಕದಲ್ಲಿ ನಮ್ಮ ಘಾಟಿಯ ರೈಲು ಇರಲು ಸಾಧ್ಯವೇ ಇಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ನೇತ್ರಾವತಿ ದಾಟಿ. ಮಂಗಳೂರಿನಿಂದ ಹಾಸನಕ್ಕೆ ಗುಡ್ಡ ಹತ್ತುವ 189 ಕಿಲೋಮೀಟರ್ ಹಾದಿ ಪೂರ್ತಿಯಾದದ್ದು 1979ರಲ್ಲಿ. ಇದನ್ನು ಕಟ್ಟಿದ್ದು ಯಾವ ವೈಸ್‌ರಾಯನೂ ಅಲ್ಲ, ಯಾವ ಮಹಾರಾಜನೂ ಅಲ್ಲ, ಸ್ವತಂತ್ರ ಭಾರತ. ಪಣಂಬೂರಿನ ಹೊಸ ಬಂದರಿಗೆ ಘಟ್ಟದ ಮೇಲಿನಿಂದ ಸರಕು ಬರಬೇಕು, ಇಲ್ಲಿಂದ ಮೇಲೆ ಹೋಗಬೇಕು ಎಂಬ ಲೆಕ್ಕಾಚಾರದಿಂದ ಕಟ್ಟಿದ ಹಾದಿ ಇದು. ಟಿವಿಗೆ ಬೇಕಾದ ರಾಣಿಯ ಸಲೂನ್, ಸಾಹೇಬರ ಬಂಗಲೆ, ಹಬೆ ಬಿಡುವ ಪುಟ್ಟ ಎಂಜಿನ್ ಇಂತಹದ್ದೇನೂ ನಮ್ಮಲ್ಲಿಲ್ಲ. ಡಾರ್ಜಿಲಿಂಗ್, ನೀಲಗಿರಿ, ಶಿಮ್ಲಾ ರೈಲುಗಳು ಯುನೆಸ್ಕೋ ಪಟ್ಟಿಯಲ್ಲಿವೆ, ಅವುಗಳ ಮೇಲೆ ಕಾರ್ಯಕ್ರಮಗಳ ಮೇಲೆ ಕಾರ್ಯಕ್ರಮ. ಬ್ರಿಟಿಷರು ಕಟ್ಟಿದ್ದಕ್ಕೆ ಕಥೆ ಇದೆ, ನಾವು ಕಟ್ಟಿದ್ದಕ್ಕೆ ಬರೀ ಹಸಿರು ಇದೆ ಎಂಬಂತೆ ನೋಡುತ್ತಾರೆ. ಇದು ನನ್ನ ಮೊದಲ ತಕರಾರು.

ನಮ್ಮ ಹಾದಿಗೆ ಕಥೆ ಇಲ್ಲವೇ? ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೆಟ್ಟಣದ ನಿಲ್ದಾಣ ನೂರು ಮೀಟರಿಗಿಂತ ತುಸು ಮೇಲೆ. ನಡುವೆ ಇರುವುದು ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಕೆಳಗೆ ಇಳಿಯಬೇಕು. ಅದಕ್ಕಾಗಿ 57 ಸುರಂಗ, 109 ಸೇತುವೆ. ಇಳಿಜಾರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಏರಬೇಕು. ನಮ್ಮ ಊರಿನ ಯಾವ ಜೀಪಿಗೂ ಇದು ಲೆಕ್ಕಕ್ಕಿಲ್ಲ ಎನಿಸಬಹುದು. ಆದರೆ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ, ಅದೂ ಮಳೆಯಲ್ಲಿ ನೆನೆದ ಹಳಿಯ ಮೇಲೆ, ಸಾವಿರಾರು ಟನ್ ಎಳೆದುಕೊಂಡು ಹತ್ತುವಾಗ ಜಾರುತ್ತದೆ. ಹಾಗಾಗಿ ಸರಕಿನ ರೈಲುಗಳಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಭೌತಶಾಸ್ತ್ರದ ಪಾಠದಲ್ಲಿ ಘರ್ಷಣೆಯ ಲೆಕ್ಕ ಮಾಡಿ ಬೇಸತ್ತವರು ಒಮ್ಮೆ ನೆಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಬೇಕು. ಪುಸ್ತಕದಲ್ಲಿ ಒಂದು ಗ್ರೀಕ್ ಅಕ್ಷರವಾಗಿ ಕೂತಿರುವುದು ಅಲ್ಲಿ ಉಸಿರು ಬಿಡುತ್ತಾ ಗುಡ್ಡ ಹತ್ತುತ್ತದೆ.

ಇನ್ನೊಂದು ಕಥೆ ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಮೀಟರ್ ಗೇಜ್ ಹಳಿ ತೆಗೆದು ಬ್ರಾಡ್‌ಗೇಜ್ ಮಾಡಲಿಕ್ಕೆಂದು 1996ರಲ್ಲಿ ಘಾಟಿಯ ರೈಲು ನಿಲ್ಲಿಸಿದರು. ಸರಕಿನ ರೈಲು ಮತ್ತೆ ಓಡಿದ್ದು 2006ರಲ್ಲಿ. ಮನುಷ್ಯರು ಕೂರುವ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಆ ಹನ್ನೊಂದು ವರ್ಷ ಪುತ್ತೂರು, ಸುಳ್ಯ, ಕಡಬದವರು ಬೆಂಗಳೂರಿಗೆ ಶಿರಾಡಿ ಘಾಟಿಯ ಹೊಂಡಗಳಲ್ಲಿ ಹೋಗಿಬಂದರು. ಹೊಸ ಹಳಿಯ ಮೇಲೆ ಮೊದಲು ಹತ್ತಿದ್ದು ಸರಕು, ಆಮೇಲೆ ನಾವು. ಮನುಷ್ಯರ ರೈಲು ಬಂದಾಗಲೂ ಮೊದಲು ಬಂದದ್ದು ರಾತ್ರಿಯ ರೈಲು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಣ್ಣ ಎಷ್ಟೋ ಸಲ ಈ ಘಾಟಿ ಹತ್ತಿ ಇಳಿದಿದ್ದಾನೆ. ಒಂದು ಸಲವೂ ಅದನ್ನು ನೋಡಿಲ್ಲ. ಎಲ್ಲ ಸಲವೂ ನಿದ್ದೆ, ಇಲ್ಲವೇ ಕತ್ತಲೆ. ಸುರಂಗ ಬಂದದ್ದು ಗೊತ್ತಾಗುವುದು ಮೊಬೈಲಿನ ಸಿಗ್ನಲ್ ಹೋದಾಗ. "ಸಿಗ್ನಲ್ ಹೊರಗೂ ಇರುವುದಿಲ್ಲ, ಹಾಗಾಗಿ ಅದೂ ಗೊತ್ತಾಗುವುದಿಲ್ಲ" ಎನ್ನುತ್ತಾನೆ ಅವನು.

2021ರ ಜುಲೈಯಲ್ಲಿ ಹಗಲಿನ ರೈಲಿಗೆ ವಿಸ್ಟಾಡೋಮ್ ಬೋಗಿ ಬಂತು. ಗಾಜಿನ ಚಾವಣಿ, ತಿರುಗುವ ಕುರ್ಚಿ, ಒಂದು ಬೋಗಿಗೆ 44 ಆಸನ. ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಬೋಗಿಯಿಂದ ಬರುವ ಹಣದಲ್ಲಿ ಹಳಿಗೆ ಒಂದು ಕಲ್ಲು ಹೆಚ್ಚು ಬಿದ್ದರೆ ಒಳ್ಳೆಯದೇ. ಆದರೆ ಆ ಬೋಗಿ ಬಂದ ವಾರದಲ್ಲಿ ಎಷ್ಟು ಪತ್ರಿಕೆ, ಎಷ್ಟು ಚಾನೆಲ್, ಎಷ್ಟು ಯೂಟ್ಯೂಬರ್‌ಗಳು ಅದರ ಹಿಂದೆ ಓಡಿದರು! ಈಗ ಇದನ್ನು ಇನ್ನೊಂದು ಸುದ್ದಿಯ ಜೊತೆ ಇಟ್ಟು ನೋಡಿ. ಮಂಗಳೂರಿನಿಂದ ಕಬಕ ಪುತ್ತೂರಿಗೆ ಬಂದು ಅಲ್ಲಿಯೇ ನಿಲ್ಲುತ್ತಿದ್ದ ಪ್ಯಾಸೆಂಜರ್ ರೈಲನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಓಡಿಸಿ ಎಂದು ನಮ್ಮ ಕಡೆಯ ಜನ ವರ್ಷಗಟ್ಟಲೆ ಕೇಳಿದರು. ಅದು ಆದದ್ದು 2025ರ ಏಪ್ರಿಲಿನಲ್ಲಿ. ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಕಾಲೇಜಿಗೆ ಹೋಗುವವರು, ದಿನಗೂಲಿಗೆ ಹೋಗುವವರು ಕೂರುವ ರೈಲು ಅದು. ಅದರ ಬಗ್ಗೆ ಸ್ಥಳೀಯ ಪತ್ರಿಕೆಗಳಲ್ಲಿ ಸುದ್ದಿ ಬಂತು. ಡ್ರೋನ್ ಮಾತ್ರ ಬರಲಿಲ್ಲ. ಅದೇ ಹಳಿ, ಅದೇ ಹಸಿರು, ಅದೇ ಮಳೆ. ಕಿಟಕಿಯ ಪಕ್ಕ ಕೂತವರು ಯಾರು ಎಂಬುದಷ್ಟೇ ವ್ಯತ್ಯಾಸ.

ಇಲ್ಲಿಗೆ ನನ್ನ ಎರಡನೆಯ ತಕರಾರು ಬರುತ್ತದೆ. ಪ್ರಸಿದ್ಧ ವ್ಯಕ್ತಿಯ ಕಣ್ಣಿನಿಂದ ನೋಡುವಾಗ ಒಂದು ಊರು ಬರೀ ಹಿನ್ನೆಲೆಯಾಗುತ್ತದೆ. ಅವರು ಕಾಣುವಷ್ಟು ಹೊತ್ತು ಊರು ಇರುತ್ತದೆ, ಅವರು ಹೋದ ಮೇಲೆ ಇರುವುದಿಲ್ಲ. ಊರಿನವರು ಒಂದು ಸಾಲು ಮಾತಾಡುತ್ತಾರೆ, ಅದಕ್ಕೆ ಕೆಳಗೆ ಅಕ್ಷರ ಹಾಕುತ್ತಾರೆ, ಮತ್ತೆ ಕ್ಯಾಮೆರಾ ಅವರ ಮುಖಕ್ಕೆ ಹೋಗುತ್ತದೆ. 'ಚೆನ್ನೈ ಎಕ್ಸ್‌ಪ್ರೆಸ್' ಸಿನಿಮಾದಲ್ಲಿ ರೈಲು ದೂಧಸಾಗರದಲ್ಲಿ ನಿಂತದ್ದು ಎಲ್ಲರಿಗೂ ನೆನಪಿದೆ. ಆ ಜಲಪಾತದ ಎದುರಿನ ಸೇತುವೆಯನ್ನು ಮಳೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದ್ದಾರಾ?

ಪ್ರತಿ ಮಳೆಗಾಲದಲ್ಲಿ ಘಾಟಿಯ ಹಳಿಯ ಮೇಲೆ ಗಸ್ತು ತಿರುಗುವವರಿದ್ದಾರೆ. ಕೈಯಲ್ಲಿ ಲಾಂದ್ರ, ಕೆಂಪು ಬಾವುಟ, ಚೀಲದಲ್ಲಿ ಪಟಾಕಿ. ಪಟಾಕಿ ಎಂದರೆ ಹಬ್ಬದ್ದಲ್ಲ. ಮುಂದೆ ಅಪಾಯ ಕಂಡರೆ ಅದನ್ನು ಹಳಿಯ ಮೇಲೆ ಕಟ್ಟಬೇಕು. ರೈಲಿನ ಚಕ್ರ ಅದರ ಮೇಲೆ ಹತ್ತಿದರೆ ಸಿಡಿಯುತ್ತದೆ, ಚಾಲಕನಿಗೆ ಕೇಳುತ್ತದೆ, ಬ್ರೇಕ್ ಹಾಕುತ್ತಾನೆ. ಮಂಜಿನಲ್ಲಿ, ಜೋರು ಮಳೆಯಲ್ಲಿ ಬಾವುಟ ಕಾಣದಿದ್ದರೆ ಈ ಸದ್ದೇ ಗತಿ. ನಮ್ಮ ಮನೆಯ ಕಡೆ ಹಿಂದೆ ರೈಲ್ವೆಯಲ್ಲಿ ಗ್ಯಾಂಗ್ ಕೆಲಸ ಮಾಡಿದ ಅಜ್ಜನೊಬ್ಬರಿದ್ದಾರೆ. ಘಾಟಿಯ ವಿಡಿಯೋ ಒಂದನ್ನು ನನ್ನ ಮೊಬೈಲಿನಲ್ಲಿ ತೋರಿಸಿದೆ. ಡ್ರೋನ್ ಸೇತುವೆಯ ಮೇಲೆ ಹಾರುತ್ತಿತ್ತು, ಹಿಂದೆ ಪಿಟೀಲು. ಅವರು ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಜಿಗಣೆ ಎಲ್ಲಿ ಮಗಳೇ?" ಎಂದರು. ನನಗೆ ನಗು ಬಂತು, ಅವರು ನಗಲಿಲ್ಲ. "ಮಳೆಯ ಸದ್ದಿನಲ್ಲಿ ಗುಡ್ಡ ಜಾರುವ ಸದ್ದು ಬೇರೆ ಉಂಟು. ಅದು ಕೇಳಲಿಕ್ಕೆ ಕಿವಿ ಕೊಟ್ಟು ನಡೆಯಬೇಕು. ಇವರು ಪಾಟು ಹಾಕಿದ್ದಾರೆ" ಎಂದರು. ಈ ಲೇಖನ ಬರೆಯಬೇಕು ಅನಿಸಿದ್ದು ಆ ಮಾತು ಕೇಳಿದ ಮೇಲೆ. ಎಷ್ಟೋ ಗಂಟೆಯ ಕಾರ್ಯಕ್ರಮಗಳನ್ನು ನೋಡಿದ ನನಗೆ ಒಂದು ಹಾದಿಯನ್ನು ಕಿವಿಯಿಂದ ಕಾಯುತ್ತಾರೆ ಎಂದು ಯಾವ ನಿರೂಪಕನೂ ಹೇಳಿರಲಿಲ್ಲ.

ಗುಡ್ಡ ಜಾರುವುದು ಕಥೆಯಲ್ಲ. 2018ರ ಆಗಸ್ಟಿನಲ್ಲಿ ಕೊಡಗು ಮುಳುಗಿದಾಗ ನಮ್ಮ ಘಾಟಿಯ ಹಳಿಯ ಮೇಲೂ ಹಲವು ಕಡೆ ಗುಡ್ಡ ಬಿತ್ತು, ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ ಕೊನೆಗೆ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ನೂರಾರು ಕಾರ್ಮಿಕರು ಮಳೆಯಲ್ಲಿಯೇ ನಿಂತು ಕಲ್ಲು ತುಂಬಿದ ಚೀಲಗಳನ್ನು ಒಂದರ ಮೇಲೊಂದು ಇಟ್ಟು ಅದನ್ನು ಕಟ್ಟಿದರು. ಯಡಕುಮರಿ ಎಂದರೆ ರಸ್ತೆಯಿಂದ ದೂರ, ಕಾಡಿನ ನಡುವಿನ ನಿಲ್ದಾಣ. ಅಲ್ಲಿ ಕೆಲಸಕ್ಕಿರುವವರಿಗೆ ರೈಲೇ ರಸ್ತೆ, ರೈಲೇ ಅಂಗಡಿ. ವಿಡಿಯೋಗಳಲ್ಲಿ ಅದೇ ನಿಲ್ದಾಣ 'ಸ್ವರ್ಗ' ಎಂದು ಬರುತ್ತದೆ. ಅಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಈ ಪದ ಹೇಗೆ ಕೇಳಿಸುತ್ತದೋ!

ಸ್ವರ್ಗ ಎಂದು ತೋರಿಸಿದರೆ ಜನ ಬರುತ್ತಾರೆ. ಈ ಹಾದಿಯ ಹಳಿಯ ಮೇಲೆಯೇ ಚಾರಣ ಮಾಡುವ ಹುಚ್ಚು ವರ್ಷಗಟ್ಟಲೆ ಇತ್ತು. ಸುರಂಗದೊಳಗೆ, ಸೇತುವೆಯ ಮೇಲೆ ಫೋಟೋ ತೆಗೆಯಲು ಹೋಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ರೈಲ್ವೆ ಅದನ್ನು ನಿಷೇಧಿಸಿತು. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಹಳಿಗೆ ಇಳಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಕಾಲೇಜಿನ ಹುಡುಗರಲ್ಲಿ ಕೆಲವರ ಸ್ಟೇಟಸ್‌ನಲ್ಲಿ ಹಳಿಯ ನಡುವೆ ನಿಂತ ಫೋಟೋ ಇದೆ. ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತಾಗುತ್ತದೆ. ಪ್ರಸಿದ್ಧರ ಕಾರ್ಯಕ್ರಮದಲ್ಲಿ ಒಂದು ಸೇತುವೆಯ ಮೇಲೆ ನಿಲ್ಲುವ ಮೊದಲು ರೈಲ್ವೆಯ ಅನುಮತಿ ಪತ್ರ, ಜೊತೆಗೆ ಸಿಬ್ಬಂದಿ, ಮುಂಚಿತವಾಗಿ ತಿಳಿಸಿದ ಸಮಯ ಎಲ್ಲ ಇರುತ್ತದೆ. ಅದು ಪರದೆಯ ಮೇಲೆ ಬರುವುದಿಲ್ಲ. ಬರುವುದು ಸೇತುವೆ ಮಾತ್ರ. ನೋಡಿದ ಹುಡುಗನಿಗೆ ಕಾಣುವುದೂ ಸೇತುವೆ ಮಾತ್ರ.

ಹಾಗಾದರೆ ಪ್ರಸಿದ್ಧರೇ ಬೇಡವೇ? ಬೇಡ ಎನ್ನುವವರೂ ಇದ್ದಾರೆ. 2010ರಲ್ಲಿ ಬಿಬಿಸಿ ಫೋರ್ ಚಾನೆಲ್ಲಿನಲ್ಲಿ 'ಇಂಡಿಯನ್ ಹಿಲ್ ರೈಲ್ವೇಸ್' ಎಂಬ ಮೂರು ಕಂತಿನ ಸಾಕ್ಷ್ಯಚಿತ್ರ ಬಂದಿತ್ತು. ಡಾರ್ಜಿಲಿಂಗ್, ನೀಲಗಿರಿ, ಶಿಮ್ಲಾ ರೈಲುಗಳ ಬಗ್ಗೆ. ಅದರಲ್ಲಿ ಕೋಟು ಹಾಕಿದ ನಿರೂಪಕನಿಲ್ಲ. ರೈಲಿನಲ್ಲಿ ಕೆಲಸ ಮಾಡುವವರು, ಹಳಿಯ ಪಕ್ಕ ಬದುಕುವವರು, ಅವರ ಮನೆ, ಅವರ ಸಾಲ, ಅವರ ಮಕ್ಕಳ ಓದು. ನೋಡಿದವರು ಇದು ಬೇರೆಯೇ ಎಂದು ಒಪ್ಪುತ್ತಾರೆ. ಆದರೆ ನಮ್ಮ ಹಾಸ್ಟೆಲ್ಲಿನ ಹತ್ತು ಮಂದಿಯನ್ನು ಕೂರಿಸಿ ತೋರಿಸಿದರೆ ಎಷ್ಟು ಮಂದಿ ಕೊನೆಯವರೆಗೆ ಕೂರುತ್ತಾರೆ? ನಿರೂಪಕನ ಮುಖ ಒಂದು ಬಾಗಿಲು. ಬಾಗಿಲು ಇಲ್ಲದ ಮನೆಗೆ ಎಲ್ಲರೂ ಹೋಗುವುದಿಲ್ಲ. ಕ್ರಿಸ್ ಟ್ಯಾರಂಟ್ ಎಂಬವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅಮಿತಾಭ್ ಬಚ್ಚನ್ ಹಿಂದಿಯಲ್ಲಿ, ಪುನೀತ್ ರಾಜ್‌ಕುಮಾರ್ ಕನ್ನಡದಲ್ಲಿ ನಡೆಸಿಕೊಟ್ಟ ಕೋಟಿ ರೂಪಾಯಿಯ ಪ್ರಶ್ನೆಗಳ ಆಟದ ಮೂಲ ಬ್ರಿಟಿಷ್ ಕಾರ್ಯಕ್ರಮ ಅವರದ್ದು. ಅವರು 2012ರಿಂದ ಕಷ್ಟದ ರೈಲು ಹಾದಿಗಳ ಸರಣಿ ಮಾಡಿದರು, ಅದರಲ್ಲಿ ಮಳೆಗಾಲದ ಕೊಂಕಣ ರೈಲಿನದ್ದೂ ಒಂದು ಕಂತು. ಕೊಂಕಣ ರೈಲ್ವೆಯ ಹೆಸರು ಕೇಳದ ಎಷ್ಟೋ ಜನ, ಆಟ ನಡೆಸುವ ಆ ಮುಖಕ್ಕಾಗಿ ಅದನ್ನು ನೋಡಿರುತ್ತಾರೆ. ಇದನ್ನು ಬೇಡವೆಂದು ಹೇಗೆ ಹೇಳುವುದು?

ನನ್ನ ಮಾತು ಇಷ್ಟು. ಪ್ರಸಿದ್ಧರು ಬರಲಿ, ಆದರೆ ರೈಲಿನಿಂದ ಇಳಿಯಲಿ. ಇಳಿದು ಕೇಳಲಿ. ಪೋರ್ಟಿಲೊ ಬಗ್ಗೆ ಒಂದು ವಿಷಯ ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಉತ್ತರದಲ್ಲಿ ಸೆಟ್ಲ್‌ನಿಂದ ಕಾರ್ಲೈಲ್‌ಗೆ ಗುಡ್ಡಗಳ ನಡುವೆ ಒಂದು ಹಾದಿ ಇದೆ. ಅದರ ದೊಡ್ಡ ಸೇತುವೆಗೆ 24 ಕಮಾನು. ದುರಸ್ತಿಗೆ ಖರ್ಚು ಜಾಸ್ತಿ, ಪ್ರಯಾಣಿಕರು ಕಡಿಮೆ ಎಂದು 1980ರ ದಶಕದಲ್ಲಿ ಅದನ್ನು ಮುಚ್ಚಲು ಹೊರಟಿದ್ದರು. ಊರಿನವರು ಸಾವಿರಾರು ಆಕ್ಷೇಪಣೆ ಬರೆದರು. 1989ರಲ್ಲಿ ಮುಚ್ಚುವುದಿಲ್ಲ ಎಂಬ ತೀರ್ಮಾನ ಬಂತು. ಆಗ ಸಾರಿಗೆ ಖಾತೆಯ ಕಿರಿಯ ಮಂತ್ರಿಯಾಗಿದ್ದವರು ಇದೇ ಪೋರ್ಟಿಲೊ. ತನ್ನ ರಾಜಕೀಯ ಬದುಕಿನ ಒಳ್ಳೆಯ ಕೆಲಸ ಅದೇ ಎಂದು ಅವರು ಹೇಳಿಕೊಂಡದ್ದೂ ಉಂಟು. ನನಗೆ ಆ ಬಣ್ಣದ ಕೋಟಿಗಿಂತ ಈ ಕಥೆ ಇಷ್ಟ. ಚಂದ ಇದೆ ಎಂಬ ಕಾರಣಕ್ಕೆ ಮಾತ್ರ ಆ ಹಾದಿ ಉಳಿಯಲಿಲ್ಲ, ಅದು ತಮ್ಮದು ಎಂದು ಹೇಳುವ ಜನ ಇದ್ದುದರಿಂದ ಉಳಿಯಿತು. ನಮ್ಮ ಘಾಟಿಯ ಹನ್ನೊಂದು ವರ್ಷದ ಮೌನವನ್ನು ಇದರ ಪಕ್ಕ ಇಟ್ಟು ನೋಡಿದರೆ ಬೇಸರವಾಗುತ್ತದೆ.

ಇಳಿದು ನೋಡಿದ ಪ್ರವಾಸಿಗಳು ನಮ್ಮ ಕರಾವಳಿಗೆ ಹೊಸಬರಲ್ಲ. ಇತಿಹಾಸದ ಪಾಠದಲ್ಲಿ ಓದುವ ಇಬ್ನ್ ಬತೂತ 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದರು. ಅವರ ಬರಹದಲ್ಲಿ ಅದು ಮಂಜರೂರ್. ಆ ಕಾಲಕ್ಕೆ ಅವರೂ ಒಂದು ರೀತಿಯ ಪ್ರಸಿದ್ಧರೇ, ದೆಹಲಿಯ ಸುಲ್ತಾನರ ಆಸ್ಥಾನದಿಂದ ಬಂದವರು. ಆದರೆ ಸಮುದ್ರ ಎಷ್ಟು ನೀಲಿ ಎಂದು ಬರೆದು ಅವರು ಮುಂದೆ ಹೋಗಲಿಲ್ಲ. ಫಾರ್ಸ್ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು ಮತ್ತು ಶುಂಠಿ ಇಲ್ಲಿ ಧಾರಾಳ, ಇಲ್ಲಿನ ಖಾಜಿ ಯಾರು, ಊರಿನವರಿಗೂ ಬಂದು ನೆಲೆಸಿದವರಿಗೂ ಜಗಳ ಬಂದರೆ ರಾಜ ಯಾಕೆ ರಾಜಿ ಮಾಡಿಸುತ್ತಾನೆ ಎಂಬುದನ್ನೆಲ್ಲ ಬರೆದರು. ರಾಜಿ ಮಾಡಿಸುವುದು ವ್ಯಾಪಾರಿಗಳು ಅವನಿಗೆ ಬೇಕು ಎಂಬ ಕಾರಣಕ್ಕೆ! ಸುಮಾರು 680 ವರ್ಷ ಕಳೆದ ಮೇಲೂ ನಾವು ಆ ಪುಟಗಳನ್ನು ಓದುವುದು ಇಂತಹ ಸಂಗತಿಗಳಿಗಾಗಿಯೇ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾದರಿ ಪುನೀತ್ ಅವರ 'ಗಂಧದ ಗುಡಿ'. 2022ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡು ಒಂದು ವರ್ಷವಾಗುವ ಹೊತ್ತಿಗೆ ಬಂದ ಚಿತ್ರ. ಅದರಲ್ಲಿ ಅವರು ಪಾತ್ರವಲ್ಲ, ಪುನೀತ್ ಆಗಿಯೇ ಕಾಡಿಗೆ ಹೋಗುತ್ತಾರೆ, ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಅಷ್ಟು ದೊಡ್ಡ ನಟ "ಇದು ಏನು?" ಎಂದು ಕೇಳುವುದನ್ನು ನೋಡುವುದೇ ಒಂದು ಖುಷಿ. ಆ ಬಗೆಯಲ್ಲಿ ಕನ್ನಡದ ಒಬ್ಬ ನಟನೋ ನಟಿಯೋ ಮಂಗಳೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಬಂಟ್ವಾಳ, ಪುತ್ತೂರು, ನರಿಮೊಗರು, ಕಾಣಿಯೂರು ಎಂದು ಒಂದೊಂದು ಕಡೆ ಇಳಿದು, ರಬ್ಬರ್ ಟ್ಯಾಪಿಂಗ್ ಮಾಡುವವರ ಜೊತೆ, ಅಡಿಕೆ ಸುಲಿಯುವವರ ಜೊತೆ, ನೆಟ್ಟಣದಲ್ಲಿ ಯಾತ್ರಿಕರನ್ನು ಕುಕ್ಕೆಗೆ ಕರೆದೊಯ್ಯುವ ಜೀಪಿನವರ ಜೊತೆ ಮಾತಾಡಿ, ಕೊನೆಗೆ ಗಸ್ತಿನವರ ಜೊತೆ ಒಂದು ಮಳೆಯ ರಾತ್ರಿ ನಡೆದರೆ ಹೇಗಿರುತ್ತದೆ! ತುಳು, ಬ್ಯಾರಿ, ಅರೆಭಾಷೆ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಒಂದೇ ಬೋಗಿಯಲ್ಲಿ ಕೇಳುವ ರೈಲು ಬೇರೆ ಎಷ್ಟು ಕಡೆ ಇದೆ?

ಅಂಥವರು ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ನಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟ್ ಎಂದರೆ ಈಗಲೂ ಅಂತರ್ಜಾಲದಿಂದ ಇಳಿಸಿ ಸ್ಪೈರಲ್ ಬೈಂಡಿಂಗ್ ಮಾಡಿದ ಪುಸ್ತಕ. ಅದರ ಬದಲು ಈ ವರ್ಷ ಕಲಾ ಮತ್ತು ವಾಣಿಜ್ಯ ವಿಭಾಗದವರು ಸೇರಿ ನಮ್ಮ ಕಡೆಯ ರೈಲಿನ ಬಗ್ಗೆ ಕೇಳಿ ಬರೆಯಬಹುದು. ವಾಣಿಜ್ಯದವರು ಅಡಿಕೆ, ರಬ್ಬರ್ ಯಾಕೆ ಇನ್ನೂ ಲಾರಿಯಲ್ಲೇ ಹೋಗುತ್ತದೆ, ರೈಲಿನಲ್ಲಿ ಹೋದರೆ ಲೆಕ್ಕ ಹೇಗೆ ಎಂದು ನೋಡಲಿ. ನಾವು 1996ರಿಂದ 2007ರವರೆಗಿನ ಹನ್ನೊಂದು ವರ್ಷ ಹೇಗೆ ಕಳೆಯಿತು ಎಂದು ಮನೆಯ ಹಿರಿಯರನ್ನು ಕೇಳೋಣ. ವಿದ್ಯುದೀಕರಣದ ಕೆಲಸಕ್ಕೆಂದು 2025ರ ಜೂನಿನಿಂದ ತಿಂಗಳುಗಟ್ಟಲೆ ಘಾಟಿಯ ಹಗಲು ರೈಲು ನಿಂತಾಗ ಯಾರಿಗೆ ಏನು ಕಷ್ಟವಾಯಿತು ಎಂಬುದೂ ಇರಲಿ. ಆಗ ಹೆಚ್ಚು ಕೇಳಿಬಂದದ್ದು 'ವಿಸ್ಟಾಡೋಮ್ ಇಲ್ಲ' ಎಂಬ ಮಾತು, ಬೆಂಗಳೂರಿಗೆ ಹಗಲಿನಲ್ಲಿ ಹೋಗಬೇಕಾದ ರೋಗಿಗಳ ಮಾತಲ್ಲ. ಕಂಬ ಮತ್ತು ತಂತಿ ಬಂದರೆ ಗಾಜಿನ ಚಾವಣಿಯ ಫೋಟೋ ಕೆಡುತ್ತದೆ ಎಂದು ಬೇಸರ ಪಟ್ಟವರನ್ನೂ ನಾನು ಬಲ್ಲೆ. ಡೀಸೆಲ್ ಹೊಗೆ ಸುರಂಗದಲ್ಲಿ ತುಂಬಿದಾಗ ಅಲ್ಲಿ ಕೆಲಸ ಮಾಡುವವರಿಗೆ ಉಸಿರಾಡುವುದು ಹೇಗೆ ಎಂದು ಅವರನ್ನು ಕೇಳಬೇಕಿತ್ತು, ಕೇಳಲಿಲ್ಲ.

ಕ್ಯಾಮೆರಾ ಬೇಡ, ಮೊಬೈಲಿನ ರೆಕಾರ್ಡರ್ ಸಾಕು. ನಿಲ್ದಾಣದ ಒಳಗೆ ವಿಡಿಯೋ ಮಾಡಬೇಕಾದರೆ ರೈಲ್ವೆಯ ಅನುಮತಿ ಬೇಕು, ಅದನ್ನು ಕಾಲೇಜಿನ ಮೂಲಕವೇ ಕೇಳಬೇಕು. ಹಳಿಗೆ ಇಳಿಯುವ ಮಾತೇ ಇಲ್ಲ. ಉಪನ್ಯಾಸಕರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಕೋಡಿಂಬಾಳ ಮತ್ತು ಕಾಣಿಯೂರು ಕಡೆಯಿಂದ ಬರುವವರು ತಮ್ಮ ಮನೆಯ ಹತ್ತಿರ ರೈಲ್ವೆಯಲ್ಲಿ ಕೆಲಸ ಮಾಡಿದ ಹಿರಿಯರು ಯಾರಾದರೂ ಇದ್ದರೆ ಈ ತಿಂಗಳೊಳಗೆ ನನಗೆ ತಿಳಿಸಿ. ನಮ್ಮ ಅಜ್ಜ ಈಗಾಗಲೇ ಒಪ್ಪಿದ್ದಾರೆ. ಒಂದೇ ಷರತ್ತು, ಹಿಂದೆ ಪಾಟು ಹಾಕಬಾರದಂತೆ.